ಹೆಂಡಿ ಸಾರಿಸಿದ ನೆಲದಿಂದ ಟೈಲ್ಸ್‌ವರೆಗೆ: ನಮ್ಮ ಕಾಲಡಿಯ ಚರಿತ್ರೆ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಾದಾಗ ಓದಿ, ಮನೆಯ ಹೆಣ್ಮಕ್ಕಳಿಗೂ ಓದಿ ಹೇಳಿ. ಯಾಕಂದ್ರೆ ಇದು ಹೆಚ್ಚು ಅವರದೇ ಚರಿತ್ರೆ.

"ಕೇರಿ ಒಳಗ ಹೋಗಿ ನೋಡ್ರಿ, ಮನಿ ಮನಿಗೂ ಟೈಲ್ಸ್ ಹಾಕ್ಸ್ಯಾರ. ಇವರೆಂಥ ಬಡವರು?" ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಮೀಸಲಾತಿಯಿಂದ ಶುರುವಾದ ಮಾತು, ರೇಷನ್ ಕಾರ್ಡಿನ ಮೇಲೆ ಹಾದು, ಕೊನೆಗೆ ನಮ್ಮ ಮನೆಯ ನೆಲಕ್ಕೆ ಬಂದು ನಿಲ್ಲುತ್ತೆ. ನಾನು ಗುಮಾಸ್ತ, ಕಡತಗಳ ನಡುವೆ ಕೂತವನು. ಓದಿದವರ ಬಾಯಲ್ಲೂ ಇದನ್ನ ಕೇಳಿದ್ದೀನಿ. ಊರೊಳಗಿನ ಮನೆಗೆ ಗ್ರಾನೈಟ್ ಬಂದ್ರೆ ಅದು ಮಾಮೂಲು, ಕೇರಿಯ ಮನೆಗೆ ಇಪ್ಪತ್ತು ಬಾಕ್ಸ್ ಟೈಲ್ಸ್ ಬಂದ್ರೆ ಅದು ಸುದ್ದಿ.

ಸಿಟ್ಟಿನಿಂದ ಉತ್ತರ ಕೊಡಬಹುದು. ಆದರೆ ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಐತಿ. ಸುಟ್ಟ ಮಣ್ಣು ಯಾರ ಮನೆಗೆ ಬರಬೇಕು, ಯಾರ ಮನೆಗೆ ಬರಬಾರದು ಅನ್ನೋದು ಈ ದೇಶದಲ್ಲಿ ಬರೀ ದುಡ್ಡಿನ ಪ್ರಶ್ನೆ ಆಗಿರಲೇ ಇಲ್ಲ.

ನಮ್ಮ ಮೂರು ತಾಲೂಕುಗಳ ಮಣ್ಣಿನಿಂದಲೇ ಶುರು ಮಾಡೋಣ.

ಲಿಂಗಸುಗೂರು ತಾಲೂಕಿನ ಮುದಗಲ್ ಹತ್ತಿರ ಪಿಕಳಿಹಾಳ ಐತಿ. 1952ರಲ್ಲಿ ಆಲ್ಚಿನ್ ಎಂಬ ಪುರಾತತ್ವ ವಿದ್ವಾಂಸರು ಅಲ್ಲಿ ಅಗೆದು, ನವಶಿಲಾಯುಗದ ದನಗಾಹಿಗಳ ನೆಲೆಯನ್ನ ಬೆಳಕಿಗೆ ತಂದರು. ಬಳ್ಳಾರಿ ಕಡೆಯ ಕುಡತಿನಿಯಂಥ ಕಡೆ ಇರೋ ಬೂದಿದಿಬ್ಬಗಳೂ ಅದೇ ಕಾಲದವು. ಅವು ದನದ ಹೆಂಡಿಯನ್ನ ರಾಶಿ ಹಾಕಿ ಸುಟ್ಟ ಬೂದಿ. (ಮೈಸೂರು ಕಡೆಯ ಗೆಳೆಯರಿಗೆ: ಹೆಂಡಿ ಅಂದ್ರೆ ಸಗಣಿ.) ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಉತ್ಖನನ ಮಾಡಿದಾಗ ಪದರ ಪದರವಾಗಿ ಮಡಕೆ ಚೂರುಗಳು ಸಿಕ್ಕವು. ಅಂದ್ರೆ ನಮ್ಮ ಜನ ಸಾವಿರಾರು ವರ್ಷಗಳಿಂದ ಮಣ್ಣನ್ನೂ ಬಲ್ಲವರು, ಮಣ್ಣನ್ನ ಸುಡೋ ಬೆಂಕಿಯನ್ನೂ ಬಲ್ಲವರು. ಸೆರಾಮಿಕ್ ಅಂದ್ರೆ ಅಷ್ಟೇ ಅಲ್ವಾ? ಸುಟ್ಟ ಮಣ್ಣು. ಹೆಸರು ಇಂಗ್ಲಿಷಿನದು, ವಿದ್ಯೆ ಹಳೇದು.

ಅದೇ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಅಶೋಕನ ಶಾಸನ ಬಿತ್ತು. ಬೇರೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಮಾತ್ರ ಇದ್ದ ರಾಜ ಅಶೋಕನೇ ಅನ್ನೋದು ಖಚಿತವಾಗಿದ್ದು ಇದರಿಂದ ಅಂತ ಶಾಲೆಯಲ್ಲಿ ಹೇಳಿಕೊಡ್ತಾರೆ. ಶಾಸನದ ಒಳಗೆ ಏನೈತಿ ಅಂತ ಹೇಳಿಕೊಡೋದು ಕಮ್ಮಿ. ಧಮ್ಮದಲ್ಲಿ ನಡೆದರೆ ಕೆಳಗಿನವನೂ ಆ ಎತ್ತರ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಅಂತ ಯಾರೂ ತಿಳೀಬಾರದು ಅನ್ನೋದು ಅದರ ಅರ್ಥ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮೂರಿನ ಬಂಡೆಯ ಮೇಲೆ ಹೀಗೆ ಬರೆದಿದ್ದರು. ಆಮೇಲೆ ಬಂದ ಧರ್ಮಶಾಸ್ತ್ರಗಳು ಇದರ ತದ್ವಿರುದ್ಧ ಬರೆದವು.

ಎಷ್ಟು ತದ್ವಿರುದ್ಧ ಅಂದ್ರೆ, ಬಾಬಾಸಾಹೇಬರು ಅಸ್ಪೃಶ್ಯರ ಬದುಕಿನ ಬಗ್ಗೆ ಬರೀತಾ, ಹಳ್ಳಿಯ ಕಣ್ಣಲ್ಲಿ ನಮ್ಮವರು ಏನೇನು ಮಾಡಿದರೆ ಅಪರಾಧ ಅಂತ ಒಂದು ಪಟ್ಟಿ ಕೊಡ್ತಾರೆ. ಒಳ್ಳೆ ಬಟ್ಟೆ ಹಾಕೋದು ಅಪರಾಧ. ಮೆಟ್ಟು ಮೆಟ್ಟೋದು ಅಪರಾಧ. ಮೇಲಿನವರ ಎದುರು ಕುರ್ಚಿ ಮೇಲೆ ಕೂಡೋದು ಅಪರಾಧ. ಅದೇ ಪಟ್ಟಿಯಲ್ಲಿ ಇನ್ನೊಂದು ಐತಿ: ಹೆಂಚಿನ ಮನೆ ಕಟ್ಟೋದು ಅಪರಾಧ. ದುಡ್ಡು ಕೂಡಿಸಿಟ್ಟಿದ್ದರೂ ಕಟ್ಟೋ ಹಂಗಿಲ್ಲ. ಸುಟ್ಟ ಮಣ್ಣು ನಮ್ಮ ತಲೆ ಮೇಲೆ ಬರಬಾರದು ಅನ್ನೋದು ಕಟ್ಟಳೆ.

ಹೆಂಚಿನ ಮಾತು ಬಂದಿದ್ದಕ್ಕೆ ಕರಾವಳಿಯ ಒಂದು ಸಂಗತಿ ಹೇಳಲೇಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. 'ಮಂಗಳೂರು ಹೆಂಚು' ಹುಟ್ಟಿದ್ದು ಹಂಗೆ. ಮತ ಬದಲಿಸಿದ್ದಕ್ಕೆ ಮನೆ, ಕಸುಬು, ಆಸರೆ ಎಲ್ಲಾ ಕಳಕೊಂಡವರಿಗೆ ಅಲ್ಲಿ ಕೆಲಸ ಸಿಕ್ತು. ಜಾತಿ ಕೇಳದೆ ಪಗಾರ ಕೊಡೋ ಜಾಗದಲ್ಲಿ ಸುಟ್ಟ ಮಣ್ಣೇ ಕೆಲವರಿಗೆ ಅನ್ನ ಆಯ್ತು. ಮಣ್ಣಿನ ದೋಷ ಎಲ್ಲೂ ಇರಲಿಲ್ಲ ನೋಡ್ರಿ.

ನಮ್ಮ ಕಡೆ ಹೆಂಚಿಗಿಂತ ಮಾಳಗಿ ಮನೆಗಳೇ ಜಾಸ್ತಿ. ಉಳ್ಳವರಿಗೆ ಕಲ್ಲಿನ ಗೋಡೆ, ತೊಲೆ, ಮೇಲೆ ಮಣ್ಣಿನ ಮಾಳಗಿ, ಒಳಗೆ ಬಂಡೆ ಹಾಸಿದ ಪಡಸಾಲೆ. ನಮಗೆ ಊರ ಹೊರಗೆ ಗುಡಿಸಲು, ಹೆಂಡಿ ಸಾರಿಸಿದ ನೆಲ. ಬಂಡೆ ಬರ್ತಿದ್ದದ್ದು ಕಲಬುರಗಿ ಕಡೆಯ ಶಹಾಬಾದಿನಿಂದ. ಶಾಬಾದ್ ಪರಸಿ ಅಂದ್ರೆ ಎಲ್ಲರಿಗೂ ಗೊತ್ತು. ಅದು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತೆ, ಬ್ಯಾಸಗಿಯಲ್ಲಿ ತಂಪು. ಆ ಬಂಡೆ ಇಳಿಸಿದವರು, ಹೊತ್ತವರು, ಉಸುಕು ಕಲಸಿದವರ ಪೈಕಿ ನಮ್ಮವರೂ ಇದ್ದರು. ಹಾಸಿ ಮುಗಿಯೋತನಕ ಒಳಗೆ ಓಡಾಡಬಹುದಿತ್ತು. ಮುಗಿದ ಮೇಲೆ ಬಾಗಿಲ ಹೊರಗೆ ನಿಲ್ಲಬೇಕಿತ್ತು.

ಈಗ ಹೆಂಡಿಯ ಮಾತು. ಒಂದೇ ಹೆಂಡಿ, ಎರಡು ಕೆಲಸ. ಅವರ ಕಟ್ಟೆಯ ಮೇಲೆ ನಮ್ಮವರು ಕೂತರೆ 'ಶುದ್ಧ' ಮಾಡೋಕೆ ಹೆಂಡಿ ನೀರು. ನಮ್ಮ ಮನೆಯ ನೆಲ ಧೂಳೇಳದಂತೆ ಹಿಡಿದಿಡೋಕೂ ಹೆಂಡಿಯೇ. ಆ ಹೆಂಡಿಯನ್ನ ಕೊಟ್ಟಿಗೆಯಿಂದ ಬಳಿದು ತಲೆ ಮೇಲೆ ಹೊತ್ತು ತಂದವರು ಮಾತ್ರ ಎರಡೂ ಕಡೆ ನಮ್ಮ ಹೆಣ್ಮಕ್ಕಳು.

ನಮ್ಮವ್ವ ವಾರಕ್ಕೆ ಎರಡು ಸಲ ನೆಲ ಸಾರಿಸ್ತಿದ್ದಳು. ಹಬ್ಬ, ಸಾವು, ಬಾಣಂತನ ಇದ್ದರೆ ದಿನಾಲೂ. ಊರವರ ಮನೆ ಹೆಂಡಿಕಸ ಮುಗಿಸಿ, ಹೊಲದ ಕೂಲಿ ಮುಗಿಸಿ ಬಂದು, ಮೊಣಕಾಲೂರಿ ಇಡೀ ಮನೆ ಕೈಯಲ್ಲಿ ಬಳಿಯೋದು. ಮಳೆಗಾಲದಲ್ಲಿ ನೆಲ ಒಣಗದೆ ಕೌದಿಯೆಲ್ಲ ತಂಡಿ ಹಿಡೀತಿತ್ತು. ನಾನು ಗಂಡು ಹುಡುಗ ಅಂತ ನನ್ನ ಕೈಗೆ ಪಾಟಿ ಪೆನ್ಸಿಲ್ ಬಂತು, ಅಕ್ಕನ ಕೈಗೆ ಹೆಂಡಿ ಬುಟ್ಟಿ ಬಂತು. ಅಕ್ಕ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಹೆಂಡಿ ನೆಲ ತಂಪು, ಹೆಂಡಿ ನೆಲ ಸಂಸ್ಕೃತಿ ಅಂತ ಈಗ ರೆಸಾರ್ಟಿನಲ್ಲಿ ದುಡ್ಡು ಕೊಟ್ಟು ಮಲಗೋರು ಬರೀತಾರೆ. ಬರೀಲಿ. ಆದರೆ ಆ ತಂಪಿಗೆ ಎಷ್ಟು ಹೆಣ್ಮಕ್ಕಳ ಮೊಣಕಾಲು, ಎಷ್ಟು ಹುಡುಗಿಯರ ಶಾಲೆ ಹೋಗಿದೆ ಅನ್ನೋ ಲೆಕ್ಕ ಅವರ ಬರಹದಲ್ಲಿ ಇರಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗೀತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕೆಲಸ ಮುಗಿದು, ಎಡದಂಡೆ ಕಾಲುವೆಯ ನೀರು ಮುಂದೆ ಸಿಂಧನೂರಿನ ಎರಿ ಭೂಮಿಗೆ ಹರೀತು. ಆಂಧ್ರದ ಕಡೆಯಿಂದ ವಲಸೆ ಬಂದವರ ಕ್ಯಾಂಪುಗಳಾದವು, ಭತ್ತ ಬಂತು, ರೈಸ್ ಮಿಲ್ಲು ಬಂದವು. ಭತ್ತದ ದುಡ್ಡು ಮನೆಗಳ ನೆಲದಲ್ಲೂ ಕಾಣಿಸ್ತು. ಪರಸಿ ಹೋಗಿ ಮೊಸಾಯಿಕ್, ಮೊಸಾಯಿಕ್ ಹೋಗಿ ಗ್ರಾನೈಟ್. ಗ್ರಾನೈಟಿಗೆ ದೂರ ಹೋಗಬೇಕಿರಲಿಲ್ಲ, ಪಕ್ಕದಲ್ಲೇ ಇಳಕಲ್ಲಿನ ಗುಲಾಬಿ ಕಲ್ಲು. ಆ ಭತ್ತದ ಸಸಿ ಹಚ್ಚಿದ ಹೆಣ್ಮಕ್ಕಳು ಸಂಜೆ ಬರ್ತಿದ್ದದ್ದು ಹೆಂಡಿ ಸಾರಿಸಿದ ನೆಲಕ್ಕೇ. ಜೀತ ನಿಷೇಧದ ಕಾನೂನು ಆಗಿದ್ದು 1976ರಲ್ಲಿ. ಕಾನೂನು ಬಂದಷ್ಟು ಬೇಗ ಕೇರಿಯ ನೆಲ ಬದಲಾಗಲಿಲ್ಲ.

ಜನಗಣತಿಯಲ್ಲಿ ನಿಮ್ಮ ಮನೆಯ ನೆಲ ಯಾವುದರದ್ದು ಅಂತ ಒಂದು ಪ್ರಶ್ನೆ ಇರುತ್ತೆ, ಗಮನಿಸಿದ್ದೀರಾ? 2001ರಲ್ಲಿ ದೇಶದ ನೂರು ಕುಟುಂಬಗಳಲ್ಲಿ ಸುಮಾರು 57 ಮಣ್ಣಿನ ನೆಲದ ಮೇಲಿದ್ದವು. 2011ಕ್ಕೆ ಅದು 46-47ಕ್ಕೆ ಇಳೀತು. ಮೊಸಾಯಿಕ್ ಮತ್ತು ಟೈಲ್ಸ್ ನೆಲ ಸುಮಾರು 7ರಿಂದ 11ಕ್ಕೆ ಏರಿತು ಅಷ್ಟೇ. ಅಂದ್ರೆ 2011ರಲ್ಲೂ ಈ ದೇಶದ ಅರ್ಧದ ಹತ್ತಿರ ಜನ ಮಣ್ಣಿನ ನೆಲದ ಮೇಲೇ ಮಲಗ್ತಿದ್ದರು. "ಎಲ್ಲರ ಮನಿಗೂ ಟೈಲ್ಸ್ ಬಂದಾವ" ಅನ್ನೋರಿಗೆ ಈ ಲೆಕ್ಕ ತೋರಿಸಿ.

ನಮ್ಮ ಕೇರಿಗಳಿಗೆ ಗಟ್ಟಿ ನೆಲ ತಂದದ್ದು ವಸತಿ ಯೋಜನೆಗಳು. 1985ರಲ್ಲಿ ಇಂದಿರಾ ಆವಾಸ್, ತೊಂಬತ್ತರ ದಶಕದ ಮೊದಲಿಗೆ ರಾಜ್ಯದ ಆಶ್ರಯ, ಈಚೆಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ. ಇವು ಸುಮ್ಮನೆ ಬಂದವಲ್ಲ. ದಲಿತ ಸಂಘರ್ಷ ಸಮಿತಿಯ ಕಾಲದಿಂದ ಭೂಮಿಗೆ, ನಿವೇಶನಕ್ಕೆ ಅಂತ ತಹಶೀಲ್ದಾರ್ ಕಚೇರಿಗಳ ಮುಂದೆ ಧರಣಿ ಕೂತವರ ಪಾಲೂ ಇದರಲ್ಲಿ ಐತಿ.

ಗಟ್ಟಿ ಮನೆ ಯಾಕೆ ಬೇಕು ಅಂತ ಇನ್ನೂ ಕೇಳೋರು ಮರಕುಂಬಿ ನೆನಪು ಮಾಡಿಕೊಳ್ಳಿ. ಗಂಗಾವತಿ ತಾಲೂಕಿನ ಊರು. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ತೀರ್ಪಿಗೆ ಹತ್ತು ವರ್ಷ ಹಿಡೀತು, ಗುಡಿಸಲು ಉರಿಯೋಕೆ ಎಷ್ಟು ಹೊತ್ತು ಬೇಕು ಹೇಳಿ. ಹಂಗಾಗಿ ಇಟ್ಟಿಗೆ ಗೋಡೆ, ಸಿಮೆಂಟಿನ ಚಾವಣಿ, ಸುಟ್ಟ ಮಣ್ಣಿನ ನೆಲ, ಇವು ನಮಗೆ ಬರೀ ಅಂದಕ್ಕಲ್ಲ.

ಇನ್ನು ಟೈಲ್ಸ್. ದೇಶದ ಟೈಲ್ಸಿನ ಬಹುಪಾಲು ಗುಜರಾತಿನ ಮೊರ್ಬಿಯಿಂದ ಬರುತ್ತೆ. ಜೇಡಿಮಣ್ಣು ಮತ್ತು ಕಲ್ಲಿನ ಪುಡಿಯನ್ನ ಒತ್ತಿ, ಮೇಲೆ ಗಾಜಿನಂಥ ಲೇಪ ಕೊಟ್ಟು, 1,100ರಿಂದ 1,200 ಡಿಗ್ರಿ ಶಾಖದಲ್ಲಿ ಸುಡ್ತಾರೆ. ಒಂದೊಂದು ಊರಲ್ಲಿ ಇಷ್ಟಿಷ್ಟು ಕಾರ್ಖಾನೆ ಆದಮೇಲೆ ಬೆಲೆ ಕೂಲಿಯವರ ಕೈಗೂ ಎಟುಕ್ತು. ಆದರೆ ಆ ಕಲ್ಲಿನ ಪುಡಿಯ ಧೂಳು ಕುಡಿದು ಅಲ್ಲಿನ ಕಾರ್ಮಿಕರು ಸಿಲಿಕೋಸಿಸ್ ರೋಗಕ್ಕೆ ಬೀಳ್ತಿದ್ದಾರೆ. ಆ ಧೂಳು ಪುಪ್ಪುಸಕ್ಕೆ ಏನು ಮಾಡುತ್ತೆ ಅಂತ ಹಟ್ಟಿ ಗಣಿಯ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಗುಳೆ ಹೋಗಿ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಕತ್ತರಿಸೋ ನಮ್ಮ ಹುಡುಗರೂ ಅದೇ ಧೂಳು ಕುಡೀತಾರೆ. ತಮ್ಮಂದಿರೇ, ಒಣಗಿದ್ದನ್ನ ಕತ್ತರಿಸಬೇಡ್ರಿ. ನೀರು ಬಿಟ್ಟು ಕತ್ತರಿಸಿ, ಮಾಸ್ಕ್ ಹಾಕ್ಕೊಳ್ರಿ. ಮೇಸ್ತ್ರಿ ಅವಸರ ಮಾಡಿದರೆ ಮಾಡಲಿ.

ಇಷ್ಟು ಚರಿತ್ರೆ ಹೊತ್ತುಕೊಂಡು ಬಂದ ವಸ್ತು ನಮ್ಮ ಮನೆಗೆ ಬರುವಾಗ, ಅಂಗಡಿಯವನ ಹೊಳಪಿಗೆ ಮರುಳಾಗಿ ಸಾಲ ಮಾಡಬಾರದು. ಕೇರಿಯ ಹಲವು ಮನೆ ಕಟ್ಟೋದನ್ನ ನೋಡಿ ಕಲಿತದ್ದನ್ನ ಹೇಳ್ತೀನಿ.

ಮೊದಲು ಲೆಕ್ಕ. ಪ್ರಧಾನ ಮಂತ್ರಿ ಆವಾಸ್ (ಗ್ರಾಮೀಣ) ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದ್ರೆ ಸುಮಾರು 269 ಚದರ ಅಡಿ. ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ಅಂತ ನಿಗದಿ ಮಾಡಿದ್ದರು. ಎರಡಡಿ ಟೈಲ್ಸಿನ ನಾಲ್ಕರ ಬಾಕ್ಸ್ ಒಂದು 1.44 ಚದರ ಮೀಟರ್ ಮುಚ್ಚುತ್ತೆ. ಕತ್ತರಿಸೋದು, ಒಡೆಯೋದು ಸೇರಿ 19-20 ಬಾಕ್ಸ್ ಸಾಕು. ಅಂಗಡಿಯಲ್ಲಿ ಮೂವತ್ತು ಬೇಕು ಅಂದ್ರೆ ಎದ್ದು ಬನ್ನಿ. ಎಲ್ಲಾ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲಾಂದ್ರೆ ಬಣ್ಣ ಬೇರೆ ಬೇರೆ ಬರುತ್ತೆ. ನಾಲ್ಕು ಟೈಲ್ಸ್ ಮಂಚದ ಕೆಳಗೆ ಎತ್ತಿಡಿ. ಮುಂದೆ ಒಡೆದರೆ ಅದೇ ಡಿಸೈನ್ ಸಿಗಲ್ಲ.

ಎರಡನೇದು, ನೆಲದ ಕೆಳಗಿನ ನೆಲ. ನಮ್ಮದು ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬ್ಯಾಸಗಿಯಲ್ಲಿ ಕೈ ಹೋಗೋವಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ಸೀದಾ ಕಾಂಕ್ರೀಟ್ ಹಾಕಿ ಟೈಲ್ಸ್ ಹಾಸಿದರೆ ಎರಡು ವರ್ಷದಲ್ಲಿ ಏಳ್ತಾವ. ಎರಿ ತೆಗೆದು ಗರಸು ತುಂಬಿ, ನೀರು ಹಾಕಿ ಗುದ್ದಿ, ಆಮೇಲೆ ಕಾಂಕ್ರೀಟ್ ಹಾಕಿಸಿ. ದುಡ್ಡು ಕಮ್ಮಿ ಬಿದ್ದರೆ ಟೈಲ್ಸ್ ಮುಂದಿನ ವರ್ಷ ಹಾಕ್ಸಿ, ಗರಸಿಗೆ ಮಾತ್ರ ಕೈ ಬಿಗಿ ಮಾಡಬೇಡಿ. ಕೊಡ್ತಾ ಇರೋ ಸಹಾಯಧನದ ಅಂದಾಜಿನಲ್ಲಿ ಎರಿ ಭೂಮಿಯ ಬುನಾದಿಗೆ ಬೇರೆ ಲೆಕ್ಕ ಇರಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿ.

ಮೂರನೇದು, ಯಾವ ಟೈಲ್ಸ್. ಗೋಡೆಗೆ ಅಂತ ಮಾಡಿದ್ದು ನೆಲಕ್ಕೆ ಬೇಡ, ಅದು ನೀರು ಹೀರುತ್ತೆ, ಭಾರ ತಡೆಯಲ್ಲ. ಬೆನ್ನಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಕುಡಿದರೆ ಸಾದಾ ಸೆರಾಮಿಕ್, ಹಂಗೇ ನಿಂತರೆ ವಿಟ್ರಿಫೈಡ್. ಸೆರಾಮಿಕ್ ಆದರೆ ಒಂದೆರಡು ತಾಸು ನೀರಲ್ಲಿ ನೆನೆಸಿ ಹಾಸಬೇಕು. ವಿಟ್ರಿಫೈಡ್ ನೀರು ಕುಡಿಯಲ್ಲ, ಸಿಮೆಂಟ್ ಹಾಲು ಅದನ್ನ ಗಟ್ಟಿ ಹಿಡಿಯಲ್ಲ, ಅದಕ್ಕೆ ಟೈಲ್ಸ್ ಅಂಟು ಬೇಕು. ಎರಡು ಟೈಲ್ಸ್ ನಡುವೆ ಎರಡು-ಮೂರು ಮಿಲಿಮೀಟರ್ ಸಂದು ಬಿಡಿಸಿ. ಹಾಸಿ ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಡೊಳ್ಳಿನಂಗೆ ಸದ್ದು ಬಂದ್ರೆ ಒಳಗೆ ಪೊಳ್ಳು. ಗೌಂಡಿ ಅಣ್ಣನ ಪಗಾರ ಚುಕ್ತಾ ಮಾಡೋ ಮೊದಲೇ ತಟ್ಟಿ.

ಬಚ್ಚಲಿಗೆ ಹೊಳಪಿನ ಟೈಲ್ಸ್ ಬೇಡವೇ ಬೇಡ. ಒಂದಡಿಯ, ತರಿತರಿಯಾದ ಮ್ಯಾಟ್ ಟೈಲ್ಸ್ ಹಾಕ್ಸಿ, ನೀರು ಹೋಗೋ ಕಡೆ ಇಳಿಜಾರು ಕೊಡಿಸಿ. ಜೀವನವಿಡೀ ಕೂಲಿ ಮಾಡಿದ ಮುದುಕಿ ಕೊನೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಕೊಂಡರೆ ಆ ಹೊಳಪು ಯಾರಿಗೆ ಬೇಕು?

ಇನ್ನು ಜೋಪಾನ. ದಿನಾ ಕಸ ಹೊಡೆದು ಸಾದಾ ನೀರಲ್ಲಿ ಒರೆಸಿದರೆ ಸಾಕು. ಉಸುಕಿನ ಕಣ ಕಾಲಡಿ ಸಿಕ್ಕು ಗೀರುತ್ತೆ, ಬಾಗಿಲಿಗೆ ಒಂದು ಹಳೇ ಗೋಣಿತಾಟು ಹಾಕಿ. ನಮ್ಮ ಬೋರಿನ ನೀರು ಗಡಸು, ಬಿಳಿ ಕಲೆ ಕೂಡುತ್ತೆ. ಅದಕ್ಕೆ ನಿಂಬೆಹುಳಿ ಇಲ್ಲಾ ವಿನೆಗರ್ ನೀರು ಸವರಿ, ಸ್ವಲ್ಪ ಬಿಟ್ಟು ತೊಳೆದರೆ ಹೋಗುತ್ತೆ. ಆಸಿಡ್ ಸುರೀಬೇಡಿ. ಟೈಲ್ಸಿಗೆ ಏನಾಗದಿದ್ದರೂ ಸಂದಿನ ಸಿಮೆಂಟ್ ತಿಂದುಹಾಕುತ್ತೆ, ಆಮೇಲೆ ನೀರಿಳಿದು ಟೈಲ್ಸ್ ಏಳುತ್ತೆ. ಶಾಬಾದ್ ಬಂಡೆಗಂತೂ ನಿಂಬೆಯೂ ಬೇಡ, ಆಸಿಡ್ಡೂ ಬೇಡ. ಸುಣ್ಣದ ಕಲ್ಲು ನೊರೆ ಎದ್ದು ಕರಗುತ್ತೆ.

ಮುಖ್ಯವಾಗಿ ಇದನ್ನ ಓದಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಹಾಕಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತೆ, ಉಸಿರು ಕಟ್ಟುತ್ತೆ. ಇದನ್ನ ನಮ್ಮ ಮನೆಗಷ್ಟೇ ಹೇಳ್ತಿಲ್ಲ. ಲಾಡ್ಜು, ಆಸ್ಪತ್ರೆ, ಕಲ್ಯಾಣ ಮಂಟಪ, ಕಚೇರಿಗಳ ಟೈಲ್ಸ್ ತೊಳೆಯೋರು ಯಾರು? ಬಹುಪಾಲು ನಮ್ಮ ಹೆಣ್ಮಕ್ಕಳೇ. ಹೆಂಡಿ ಬುಟ್ಟಿ ಹೋಗಿ ಕೈಗೆ ಆಸಿಡ್ ಬಾಟಲಿ ಬಂದೈತಿ, ಗ್ಲೌಸ್ ಬಂದಿಲ್ಲ. ನೆಲ ಬದಲಾದರೂ ಅದನ್ನ ತೊಳೆಯೋ ಕೈಯ ಜಾತಿ ಬದಲಾಗಿಲ್ಲ. ನೀವು ಕೆಲಸ ಮಾಡೋ ಕಡೆ ತೊಳೆಯೋ ಅಕ್ಕನಿಗೆ ಗ್ಲೌಸ್, ಬೂಟು ಕೊಟ್ಟಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ.

ಟೈಲ್ಸ್ ಬಂದ ಮಾತ್ರಕ್ಕೆ ಜಾತಿ ಹೋಯ್ತು ಅಂತಲೂ ನಾನು ಹೇಳ್ತಿಲ್ಲ. ಪಕ್ಕದ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಓಡಿಹೋಯ್ತು. ಗುಡಿ ಶುದ್ಧ ಮಾಡೋಕೆ ಅಂತ ಆ ಮಗುವಿನ ಮನೆಯವರಿಗೆ 25,000 ರೂಪಾಯಿ ದಂಡ ಹಾಕಿದರು. ಆಮೇಲೆ ಪೊಲೀಸರು ಬಂದು ಬಂಧಿಸಿದರು. ಆ ಗುಡಿಯ ನೆಲ ಕಲ್ಲಿನದೋ ಟೈಲ್ಸಿನದೋ, ಎರಡು ವರ್ಷದ ಪಾದದಿಂದ ಅದಕ್ಕೆ ಏನೂ ಆಗಿರಲ್ಲ. ಮೈಲಿಗೆ ಇದ್ದದ್ದು ದಂಡ ಹಾಕಿದವರ ತಲೆಯಲ್ಲಿ, ಅದನ್ನ ತೊಳೆಯೋ ನೀರು ಯಾವ ಅಂಗಡಿಯಲ್ಲೂ ಸಿಗಲ್ಲ.

ಇತ್ತೀಚೆಗೆ ಕೇರಿಗಳಲ್ಲಿ ಬಾಗಿಲ ಮೇಲೆ ಬಾಬಾಸಾಹೇಬರ, ಬುದ್ಧನ ಚಿತ್ರದ ಟೈಲ್ಸ್ ಕೂಡಿಸ್ತಿದ್ದಾರೆ. ಒಳ್ಳೇದು. ಹೆಂಚಿನ ಮನೆ ಅಪರಾಧ ಅಂತ ಬರೆದುಕೊಂಡಿದ್ದ ಹಳ್ಳಿಗೆ, ಅದೇ ಸುಟ್ಟ ಮಣ್ಣಿನ ಮೇಲೆ ಬಾಬಾಸಾಹೇಬರ ಮುಖ ಮೂಡಿಸಿ ಉತ್ತರ ಕೊಟ್ಟಂಗೆ ಆಯ್ತು. ಅದರ ಜೊತೆ ಒಳಗೆ ಒಂದು ಮೂಲೆಯನ್ನ ಮಕ್ಕಳ ಓದಿಗೆ ಬಿಡಿ. ತಂಡಿ ಹಿಡಿಯದ, ಧೂಳೇಳದ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂಡಲಿ. ಅದರಲ್ಲೂ ಹುಡುಗಿಯರು.

ಇನ್ನೊಮ್ಮೆ ಯಾರಾದರೂ "ಟೈಲ್ಸ್ ಹಾಕ್ಸ್ಯಾರ, ಇವರೆಂಥ ಬಡವರು" ಅಂದ್ರೆ ತಲೆ ತಗ್ಗಿಸಬೇಡಿ. ಹೌದು, ಹಾಕ್ಸೀವಿ, ಇಷ್ಟು ತಡ ಯಾಕಾಯ್ತು ಅಂತ ನೀವೇ ಹೇಳ್ರಿ ಅಂತ ಕೇಳಿ.

ನಿಮ್ಮ ಮನೆಯ ನೆಲ ಯಾವಾಗ, ಹೆಂಗೆ ಬದಲಾಯ್ತು? ನಿಮ್ಮವ್ವ, ಅಕ್ಕ, ಅಜ್ಜಿ ಹತ್ತಿರ ಕೇಳಿ ಕೆಳಗೆ ಬರೀರಿ. ಇದು ಯಾವ ಗೆಜೆಟಿಯರಿನಲ್ಲೂ ಸಿಗಲ್ಲ, ನಾವೇ ಬರೆದಿಡಬೇಕು.

ಜೈಭೀಮ್.